ಡ್ರಿಲ್ ಮೇಡಂ ಇಂಗ್ಲಿಷು

ಬಚ್ಚಲುಮನೆ ಒಂದೇ ಇದ್ದ ನಮ್ಮ ಮನೆಯಲ್ಲಿ ಇಂಗ್ಲಿಷ್ ಮಾತ್ರ ಮೂರು ಬಗೆಯದಿತ್ತು. ಅಪ್ಪನದು ಗಣಿಯ ಇಂಗ್ಲಿಷ್. ಎರಡು ವಾರ ಉತ್ತರದ ಕಬ್ಬಿಣದ ಗಣಿಯಲ್ಲಿ ಕಲ್ಲು ನೋಡಿಕೊಂಡಿದ್ದು ಒಂದು ವಾರ ಮನೆಗೆ ಬರುತ್ತಿದ್ದ ಅವರಿಗೆ ಮೊದಲೆರಡು ದಿನ ‘ಮೇಟ್’ ಎನ್ನದೆ ಮಾತೇ ಹೊರಡುತ್ತಿರಲಿಲ್ಲ. ಅಮ್ಮನನ್ನೂ ಒಮ್ಮೊಮ್ಮೆ ಹಾಗೆ ಕರೆದು ಬೈಸಿಕೊಳ್ಳುತ್ತಿದ್ದರು. ಅಮ್ಮನದು ವೀಸಾ ಪರೀಕ್ಷೆಗೆಂದು ಓದಿ ಪಾಸು ಮಾಡಿದ ಇಂಗ್ಲಿಷ್. ಪರ್ತ್ ಸಿಟಿಯ ಆಫೀಸಿಗೆ ಹೊರಡುವಾಗ ಅದನ್ನು ಉಟ್ಟುಕೊಂಡು ಹೋಗಿ, ಸಂಜೆ ಬಾಗಿಲು ತೆಗೆದ ಕೂಡಲೇ ಚಪ್ಪಲಿಯ ಜೊತೆ ಬಿಟ್ಟುಬಿಡುತ್ತಿದ್ದಳು. ನನ್ನದು ಕ್ಯಾನಿಂಗ್ಟನ್ ಕಡೆಯ ಶಾಲೆಯ ಇಂಗ್ಲಿಷ್. ಮಧ್ಯಾಹ್ನಕ್ಕೆ ‘ಅರ್ವೊ’, ಪೆಟ್ರೋಲ್ ಬಂಕಿಗೆ ‘ಸರ್ವೊ’ ಅನ್ನುವ ನಾನು ಮೂಗಿನಲ್ಲೇ ಮಾತಾಡುತ್ತೇನೆಂದು ಅಮ್ಮನ ದೂರು. ಕನ್ನಡವೂ ಇತ್ತು, ಆದರೆ ಅದನ್ನು ಆಡುವವರು ಅವರಿಬ್ಬರು, ಕೇಳಿಸಿಕೊಳ್ಳುವವಳು ನಾನು. ಊಟಕ್ಕೆ ಬಾ ಎಂದು ಅವರು ಕನ್ನಡದಲ್ಲಿ ಕೂಗುವುದು, ಬಂದೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿ ಬಾರದೆ ಕೂತಿರುವುದು ದಿನದ ವ್ಯವಹಾರವಾಗಿತ್ತು.

ಆ ಮನೆಗೆ ನಾಲ್ಕನೆಯ ಇಂಗ್ಲಿಷನ್ನು ತಂದವಳು ಅಮ್ಮನ ತಾಯಿ, ನನ್ನ ಅಜ್ಜಿ. ತುಮಕೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಮೇಡಂ ಆಗಿ ನಿವೃತ್ತಳಾದವಳು. ತಾತ ಹೋದ ಮೇಲೆ ಅವಳ ಮೂವರು ಮಕ್ಕಳು, ಅಂದರೆ ಬ್ರಿಸ್ಬೇನ್‌ನ ದೊಡ್ಡ ಮಾವ, ಅಡಿಲೇಡ್‌ನ ಚಿಕ್ಕ ಮಾವ ಮತ್ತು ನಮ್ಮಮ್ಮ, ಫೋನಿನಲ್ಲೇ ಸಭೆ ಸೇರಿ ಅವಳು ಒಬ್ಬೊಬ್ಬರ ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳಿರಲಿ ಎಂದು ತೀರ್ಮಾನಿಸಿದ್ದರು. ಅವಳನ್ನು ಯಾರೂ ಕೇಳಿದ ಹಾಗಿರಲಿಲ್ಲ. ಬ್ರಿಸ್ಬೇನಿನವರು ಮೂರೂವರೆ ತಿಂಗಳಿಗೇ ಟಿಕೆಟ್ ಮಾಡಿಸಿದರು ಅಂತ ಅಮ್ಮನಿಗೆ ಸಿಟ್ಟು, ಅಡಿಲೇಡಿನವರು ಮಕ್ಕಳನ್ನು ಕಾಯಲೆಂದು ಶಾಲೆಯ ರಜೆ ನೋಡಿಕೊಂಡು ಕರೆಸಿಕೊಳ್ಳುತ್ತಾರೆ ಅಂತ ದೊಡ್ಡ ಮಾವನಿಗೆ ಸಿಟ್ಟು. ಈ ಜಗಳವೆಲ್ಲ ಸ್ಪೀಕರ್ ಫೋನಿನಲ್ಲಿ ನಡೆಯುತ್ತಿತ್ತು. ಅಜ್ಜಿ ಪಕ್ಕದಲ್ಲೇ ಕೂತು, ಇಂಡಿಯನ್ ಅಂಗಡಿಯ ಫ್ರೀಜರಿನಿಂದ ತಂದ ಅವರೆಕಾಳನ್ನು ನೀರಿನಲ್ಲಿ ನೆನೆಸಿ ಹಿದುಕುತ್ತಿದ್ದಳು.

ನಾನು ಆಗ ಆರನೇ ಕ್ಲಾಸು. ಅಜ್ಜಿಗೆ ಕೊಟ್ಟ ಕೋಣೆ ನನ್ನದೇ. ಕೆಳಗಿನ ಮಂಚ ಅವಳಿಗೆ, ಮೇಲಿನದು ನನಗೆ. ಬೆಳಿಗ್ಗೆ ಐದೂವರೆಗೆ ಎದ್ದು ಹಿತ್ತಿಲಿನ ಬಟ್ಟೆ ಹರವುವ ಕಂಬದ ಕೆಳಗೆ ನಿಂತು, ಒಂದು, ಎರಡು, ಮೂರು ಎಂದು ಕೈಕಾಲು ಆಡಿಸುತ್ತಿದ್ದಳು. ಬೇಲಿಯಾಚೆಯ ಮನೆಯ ನಾಯಿ ಮೂರಕ್ಕೆ ಸರಿಯಾಗಿ ಬೊಗಳುವುದನ್ನು ಕಲಿತಿತ್ತು. ಇದನ್ನೆಲ್ಲ ಹೇಗೋ ಸಹಿಸಬಹುದಾಗಿತ್ತು, ಅವಳು ಬಾಯಿ ತೆರೆದು ಇಂಗ್ಲಿಷ್ ಆಡದೆ ಇದ್ದಿದ್ದರೆ. ಅವಳ ಪಾಲಿಗೆ ವಿಮಾನ ನಿಲ್ದಾಣ ಏರೋಡ್ರೋಮ್. ಮಗುವಿನ ತಳ್ಳುಗಾಡಿ ಪೆರಾಂಬುಲೇಟರ್. ನನ್ನ ಕ್ಯಾನ್ವಾಸ್ ಶೂಗಳು ಪ್ಲಿಮ್‌ಸೋಲ್ಸ್. ಶಾಲೆಯಿಂದ ಪ್ರವಾಸಕ್ಕೆ ಹೋದ ಬಸ್ಸು ಶಾರಾಬಾಂಕ್. ಆ ಪದವನ್ನು ಅವಳು ಗಂಟಲಿನಿಂದ ಹೇಳುವ ರೀತಿಗೆ ನನಗೆ ಕಿವಿ ಮುಚ್ಚಿಕೊಳ್ಳೋಣ ಅನ್ನಿಸುತ್ತಿತ್ತು. ಟೇಬಲ್ ಟೆನಿಸ್ ಅವಳಿಗೆ ಪಿಂಗ್‌ಪಾಂಗ್, ಲಾಂಗ್ ಜಂಪ್ ಬ್ರಾಡ್ ಜಂಪ್, ನಾನು ಆಡುತ್ತಿದ್ದ ನೆಟ್‌ಬಾಲ್ ‘ಲೇಡೀಸ್ ಬ್ಯಾಸ್ಕೆಟ್‌ಬಾಲ್’. ಬಸ್ಸು ಬಂದು ನಿಂತರೆ ಇವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಿಂದೆ ಜನ ಕಾಯುತ್ತಿದ್ದರೂ ಅವಸರವಿಲ್ಲದೆ ಡ್ರೈವರನ್ನು ಕೇಳುವಳು:

“ಡಸ್ ದಿಸ್ ಆಮ್ನಿಬಸ್ ಪ್ಲೈ ಟು ದಿ ರೈಲ್ವೆ ಸ್ಟೇಷನ್?”

ಕೆಲವು ಡ್ರೈವರುಗಳು ಮುಸಿಮುಸಿ ನಗುತ್ತಿದ್ದರು. ವಯಸ್ಸಾದ ಒಬ್ಬ ಮಾತ್ರ ಟೋಪಿ ತೆಗೆಯುವ ಹಾಗೆ ನಟಿಸಿ, ಖಂಡಿತ ಹೋಗುತ್ತದೆ ತಾಯಿ, ಎಂದಿದ್ದ. ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ನನ್ನ ಕ್ಲಾಸಿನ ಇಬ್ಬರು ಹುಡುಗಿಯರಿದ್ದರು. ಮಾರನೆಯ ದಿನದಿಂದ ಶಾಲೆಯಲ್ಲಿ ನನ್ನ ಹೆಸರು ಆಮ್ನಿಬಸ್ ಆಯಿತು.

ಅಮ್ಮನಿಗೂ ಸಾಕಾಗಿತ್ತು. ರಾತ್ರಿಯೂಟಕ್ಕೆ ಮುದ್ದೆ ಕಟ್ಟುತ್ತ ಒಂದು ದಿನ, ಇಲ್ಲಿ ಯಾರೂ ಹಾಗೆ ಅನ್ನುವುದಿಲ್ಲ ಅಮ್ಮಾ, ಸುಮ್ಮನೆ ಬಸ್ ಅಂದರೆ ಸಾಲದೇ ಎಂದು ಕೇಳಿದಳು. ಅಜ್ಜಿ ಸಾರಿನಲ್ಲಿ ಮುದ್ದೆಯ ತುಣುಕು ಅದ್ದಿ ನುಂಗಿದ ಮೇಲೆಯೇ ಉತ್ತರ ಕೊಟ್ಟಿದ್ದು.

“ಬಸ್ ಅನ್ನೋದು ಆ ಪದದ ಬಾಲ ಕಣೆ. ಎದುರಿಗೆ ಹಸು ನಿಂತಿದ್ರೆ ಬಾಲ ಬಂತು ಅಂತೀಯಾ?”

ಅವಳ ಬಳಿ ಸಾಕ್ಷಿಯೂ ಇತ್ತು. ಬ್ರಿಸ್ಬೇನಿನಲ್ಲಿ ಮಾವನ ಪಕ್ಕದ ಮನೆಯ ಮುದುಕಿಯೊಬ್ಬಳು ಮೊಮ್ಮಗನ ಸ್ಕೂಲ್ ಬ್ಯಾಗನ್ನು ‘ಪೋರ್ಟ್’ ಎನ್ನುತ್ತಿದ್ದಳಂತೆ. ಅದು ಪೋರ್ಟ್‌ಮ್ಯಾಂಟೊ, ಹಳೆಯ ಕಾಲದ ಪ್ರಯಾಣದ ಪೆಟ್ಟಿಗೆ. ಆ ಊರಿನವರಿಗಾದರೂ ಪದದ ತಲೆ ನೆನಪಿದೆ, ನಿಮಗೆ ಪರ್ತ್‌ನವರಿಗೆ ಬಾಲವೇ ಗತಿ ಎಂದು ಹೇಳಿ ಇನ್ನಷ್ಟು ಸಾರು ಬಡಿಸಿಕೊಂಡಳು. ಅಮ್ಮ ಸೌಟನ್ನು ಪಾತ್ರೆಗೆ ಬಿಟ್ಟ ಸದ್ದು ಸ್ವಲ್ಪ ಜೋರಾಗಿತ್ತು.

ಒಂದು ಶನಿವಾರ ಅವಳನ್ನು ಫ್ರೀಮ್ಯಾಂಟಲ್‌ಗೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಿತ್ತು. ರೈಲು ಬಂದರಿನ ಹತ್ತಿರ ಬಂದಾಗ ಕ್ರೇನುಗಳೂ ಕಂಟೇನರುಗಳೂ ಕಂಡವು. ಅಜ್ಜಿ ಎದ್ದು ನಿಂತು, ತನ್ನ ಹುಡುಗಿಯರಿಗೆ ಕಲಿಸುತ್ತಿದ್ದ ಟೆನಿಕಾಯಿಟ್ ಆಟ ಬೆಳೆದದ್ದೇ ಹಡಗಿನ ಮೇಲೆ, ಅದರ ಸರಿಯಾದ ಹೆಸರು ಡೆಕ್ ಟೆನಿಸ್, ತಿಂಗಳುಗಟ್ಟಲೆ ಹಡಗಿನಲ್ಲಿ ಕೂತವರು ಬೇಸರ ಕಳೆಯಲು ರಿಂಗನ್ನು ಆಚೆಗೂ ಈಚೆಗೂ ಎಸೆದು ಆಡುತ್ತಿದ್ದರು, ಚೆಂಡಾಗಿದ್ದರೆ ಉರುಳಿ ಸಮುದ್ರಕ್ಕೆ ಬೀಳುತ್ತಿತ್ತು ಎಂದು ವಿವರಿಸಿದಳು. ಇಡೀ ಬೋಗಿಗೆ ಕೇಳಿಸುವ ಹಾಗೆ, ಮೈದಾನದ ದನಿಯಲ್ಲಿ, ಇಂಗ್ಲಿಷಿನಲ್ಲಿ. ಎದುರು ಕೂತಿದ್ದ ಗಂಡ ಹೆಂಡತಿ ಆಸಕ್ತಿಯಿಂದ ಪ್ರಶ್ನೆಗಳನ್ನೂ ಕೇಳಿದರು. ನಾನು ಎರಡು ಸೀಟು ಆಚೆಗೆ ಹೋಗಿ ಕೂತು, ಅವಳು ಯಾರೋ ನಾನು ಯಾರೋ ಎಂಬಂತೆ ಕಿಟಕಿಯಾಚೆ ನೋಡುತ್ತಿದ್ದೆ.

ಅದಾಗಿ ಕೆಲವು ವಾರಕ್ಕೆ ಶಾಲೆಯಿಂದ ಚೀಟಿ ಬಂತು. ಅಜ್ಜ ಅಜ್ಜಿಯರ ದಿನವಂತೆ. ಮೊಮ್ಮಕ್ಕಳ ಜೊತೆ ಬಂದು ತಾವು ಚಿಕ್ಕಂದಿನಲ್ಲಿ ಆಡಿದ ಒಂದು ಆಟವನ್ನು ಕ್ಲಾಸಿಗೆ ಕಲಿಸಬೇಕಂತೆ. ಈ ಚೀಟಿ ಅಜ್ಜಿಯ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಊಹಿಸಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಬಿಳಿ ಸೀರೆ, ಬಿಳಿ ಪ್ಲಿಮ್‌ಸೋಲ್ಸ್, ಮೈದಾನದ ದನಿ. ಚೀಟಿಯನ್ನು ಶಾಲೆಯ ಕಸದ ಡಬ್ಬಿಗೆ ಹಾಕಿದೆ. ನಿನ್ನ ಅಜ್ಜಿ ಬರುತ್ತಾರೆಯೇ ಎಂದು ಟೀಚರ್ ಕೇಳಿದಾಗ, ಇಲ್ಲ, ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದೆ. ಹೇಳುವಾಗ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಟೀಚರ್ ಒಳ್ಳೆಯವರು, ಪಾಪ ಎಂದರು.

ಆ ಒಳ್ಳೆಯತನವೇ ಕೆಲಸ ಕೆಡಿಸಿತು. ಆ ದಿನ ಮುಗಿದು ಒಂದು ವಾರದ ಮೇಲೆ, ಸಂಜೆ ಗೇಟಿನ ಬಳಿ ನನ್ನನ್ನು ಕರೆದೊಯ್ಯಲು ನಿಂತಿದ್ದ ಅಜ್ಜಿಯ ಹತ್ತಿರ ಟೀಚರ್ ತಾವಾಗಿಯೇ ಬಂದರು. ಅಜ್ಜಿ ನೆಟ್ಟಗೆ ನಿಂತು ‘ಗುಡ್ ಆಫ್ಟರ್‌ನೂನ್’ ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಟೀಚರ್ ಒಂದೊಂದೇ ಪದವನ್ನು ಬಿಡಿಸಿ, ಗಟ್ಟಿಯಾಗಿ, ಕೈಸನ್ನೆ ಮಾಡುತ್ತ ಮಾತು ಶುರುಮಾಡಿದರು. ನೀವು ಅಂದು ಬರಲಿಲ್ಲ ಎಂದು ಬೇಸರವಾಯಿತು, ಇಂಗ್ಲಿಷ್ ಬಾರದಿದ್ದರೆ ಏನೂ ಪರವಾಗಿಲ್ಲ, ಆಟಕ್ಕೆ ಭಾಷೆ ಬೇಡ, ಮುಂದಿನ ಸಲ ಖಂಡಿತ ಬನ್ನಿ. ಅಜ್ಜಿಯ ಬಾಯಿ ಹಾಗೇ ಮುಚ್ಚಿಕೊಂಡಿತು. ಅವಳು ಟೀಚರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು, ಇಂಗ್ಲಿಷ್ ಬಾರದ ಅಜ್ಜಿ ಹೇಗೆ ಮಾಡಬೇಕೋ ಹಾಗೆ.

ಬಸ್ಸಿನಲ್ಲಿ ಅವಳು ಡ್ರೈವರನ್ನು ಏನೂ ಕೇಳಲಿಲ್ಲ. ಮನೆಗೆ ಬಂದು ನನಗೆ ಹಾಲು ಕಾಯಿಸಿ ಕೊಟ್ಟಳು, ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದರೆ ತಿರುಗಿ ಏನು ಹೇಳಬೇಕು ಎಂಬುದನ್ನೂ ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ. ಅವಳು ಬೈಯಲಿಲ್ಲ.

“ನೀನು ಹೇಳಿದ್ದು ಸರೀನೇ ಬಿಡು ಮಗಾ. ನಂಗೆ ಇಂಗ್ಲಿಷ್ ಬರಲ್ಲ. ಬರೋದು ಒಂದೇ ಒಂದು ಪುಸ್ತಕ.”

ಹಳ್ಳಿಯಿಂದ, ಕನ್ನಡದಲ್ಲಷ್ಟೇ ಓದಿ, ಮದರಾಸಿನ ವ್ಯಾಯಾಮ ತರಬೇತಿ ಕಾಲೇಜಿಗೆ ಸೇರಿದವಳು ಅವಳು. ಪಾಠ ಹೇಳುತ್ತಿದ್ದದ್ದು, ಸ್ವಾತಂತ್ರ್ಯ ಬಂದ ಮೇಲೂ ಊರಿಗೆ ಮರಳದೆ ಉಳಿದಿದ್ದ ಒಬ್ಬ ವಯಸ್ಸಾದ ಇಂಗ್ಲಿಷ್ ಮಿಸ್ಸು. ಅವರ ಮಾತು ಒಂದಕ್ಷರವೂ ಅರ್ಥವಾಗದೆ ಅಜ್ಜಿ ಎಡಕ್ಕೆ ತಿರುಗು ಅಂದರೆ ಬಲಕ್ಕೆ ತಿರುಗುವಳು, ಹಾಸ್ಟೆಲಿನ ಹುಡುಗಿಯರು ನಗುವರು. ಅವಳಿಗೆ ಸಿಕ್ಕಿದ್ದು ಒಂದೇ ಇಂಗ್ಲಿಷ್ ಪುಸ್ತಕ: ಆಟಗಳ ನಿಯಮದ್ದು. ಅದರ ಕೊನೆಯಲ್ಲಿ, ತಂಡವನ್ನು ಬೇರೆ ಊರಿಗೆ ಆಟಕ್ಕೆ ಕರೆದೊಯ್ಯುವುದು ಹೇಗೆ, ರೈಲಿಗೆ ಅರ್ಜಿ ಹೇಗೆ, ಆಮ್ನಿಬಸ್ಸು ಗೊತ್ತು ಮಾಡುವುದು ಹೇಗೆ ಎಂದು ಒಂದಿಷ್ಟು ಪುಟ. ಅದನ್ನು ಅವಳು ರಟ್ಟಿನಿಂದ ರಟ್ಟಿಗೆ ಬಾಯಿಪಾಠ ಮಾಡಿದಳು. ಆ ಪುಸ್ತಕದ ಬಲದಲ್ಲೇ ಪರೀಕ್ಷೆ ಪಾಸಾದದ್ದು, ಕೆಲಸ ಹಿಡಿದದ್ದು, ಮನೆಯ ಹೊಸಿಲು ದಾಟದ ಹುಡುಗಿಯರನ್ನು ಕಟ್ಟಿಕೊಂಡು ಊರೂರಿಗೆ ಹೋಗಿ ಆಡಿಸಿ ಗೆಲ್ಲಿಸಿದ್ದು. ಅದರಲ್ಲಿ ಇಲ್ಲದ, ಆ ಮಿಸ್ಸಿನ ಬಾಯಿಂದ ಕೇಳದ ಇಂಗ್ಲಿಷ್ ತನಗೆ ಗೊತ್ತಿಲ್ಲ ಎಂದಳು.

ಇಷ್ಟನ್ನು ಕೇಳಿದ ಮೇಲೆ ಕ್ಷಮಿಸು ಅನ್ನಬಹುದಿತ್ತು. ಅದಕ್ಕೆ ಯಾವ ಭಾಷೆಯಾದರೂ ಆಗುತ್ತಿತ್ತು. ನಾನು ಹಾಲಿನ ಲೋಟ ಸಿಂಕಿಗೆ ಹಾಕಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಮೇಲಿನ ಮಂಚ ಹತ್ತಿದೆ. ಹನ್ನೊಂದು ವರ್ಷದ ಆ ಹುಡುಗಿಯ ಮೇಲೆ ನನಗೆ ಇಂದಿಗೂ ರೇಗುತ್ತದೆ.

ಅಂದಿನಿಂದ ಅಜ್ಜಿ ಇಂಗ್ಲಿಷ್ ಆಡುವುದನ್ನು ನಿಲ್ಲಿಸಿದಳು. ಟೀಚರ್ ವಿಷಯವನ್ನು ಅಮ್ಮನಿಗೆ ಹೇಳಲೂ ಇಲ್ಲ. ಅಂಗಡಿಯಲ್ಲಿ ಬೇಕಾದ್ದನ್ನು ಬೆರಳಿನಲ್ಲಿ ತೋರಿಸುವಳು, ಬಸ್ಸಿನಲ್ಲಿ ಕಾರ್ಡು ತಾಗಿಸಿ ಸುಮ್ಮನೆ ಹೋಗಿ ಕೂರುವಳು. ಟೋಪಿ ತೆಗೆಯುವ ಡ್ರೈವರ್ ಒಂದು ದಿನ, ಅಮ್ಮಾವ್ರಿಗೆ ಮೈ ಹುಷಾರಿಲ್ಲವೇ ಎಂದು ನನ್ನನ್ನೇ ಕೇಳಿದ. ಅಮ್ಮ ಮಾತ್ರ, ಕೊನೆಗೂ ಬುದ್ಧಿ ಬಂತು ಎಂದು ಅಪ್ಪನ ಹತ್ತಿರ ಫೋನಿನಲ್ಲಿ ನೆಮ್ಮದಿಯಿಂದ ಹೇಳುತ್ತಿದ್ದಳು. ನನಗೂ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ ಎಂಬುದಕ್ಕೂ ಅವಳ ಮೇಲೆಯೇ ಸಿಟ್ಟು ಬರುತ್ತಿತ್ತು.

ಮೂರು ವಾರದ ನಂತರ, ಶಾಲೆ ಬಿಟ್ಟ ಮೇಲೆ, ಕ್ಯಾನಿಂಗ್ಟನ್‌ನಲ್ಲಿ ತರಕಾರಿ ತೆಗೆದುಕೊಂಡು ನಾವಿಬ್ಬರೂ ಬಸ್ ಸ್ಟಾಪಿಗೆ ನಡೆದು ಬರುತ್ತಿದ್ದೆವು. ಬೇಸಿಗೆ. ಸಮುದ್ರದ ಗಾಳಿ ಇನ್ನೂ ಎದ್ದಿರಲಿಲ್ಲ, ಡಾಂಬರಿನಿಂದ ಮೇಲಕ್ಕೆ ಝಳ ಬಡಿಯುತ್ತಿತ್ತು. ಅಜ್ಜಿ ಇದ್ದಕ್ಕಿದ್ದಂತೆ ಚೀಲವನ್ನು ನೆಲದ ಮೇಲಿಟ್ಟು ಬೆಂಚಿನ ಮೇಲೆ ಕೂತಳು. ಬಸ್ಸು ಬಂತು, ಅವಳು ಏಳಲಿಲ್ಲ, ಬಸ್ಸು ಹೋಯಿತು. ಏನಾಯಿತು ಎಂದು ನಾನು ಸಿಡುಕಿದೆ.

“ಒಂಥರಾ ಸಂಕಟ ಆಗ್ತಿದೆ ಮಗಾ.”

ಆ ಪದ ನನಗೆ ಗೊತ್ತಿರಲಿಲ್ಲ. ವಾಟ್ ಎಂದೆ. ಅವಳು ಮತ್ತೆ ಅದನ್ನೇ ಹೇಳಿದಳು. ನೋವೇ ಎಂದು ಇಂಗ್ಲಿಷಿನಲ್ಲಿ ಕೇಳಿದರೆ, ನೋವಲ್ಲ, ಸಂಕಟ, ಎಂದಳು. ನೋವಲ್ಲದಿದ್ದರೆ ಮತ್ತೇನು? ಅವಳ ಹಣೆಯ ಮೇಲೆ, ಮೇಲ್ದುಟಿಯ ಮೇಲೆ ಬೆವರಿತ್ತು; ಆ ಬಿಸಿಲಿನಲ್ಲಿ ನನಗೂ ಇತ್ತು. ಅಷ್ಟರಲ್ಲಿ ಓಡುತ್ತ ಬಂದ ಹೆಂಗಸೊಬ್ಬಳು, ದಿನಾ ಓಡುವವಳ ಉಡುಪಿನಲ್ಲಿದ್ದವಳು, ನಮ್ಮನ್ನು ನೋಡಿ ನಿಂತು ಕ್ಷೇಮ ಕೇಳಿದಳು. ಆಟದ ಉಡುಪನ್ನು ಕಂಡ ಕೂಡಲೇ ಅಜ್ಜಿ ಬೆನ್ನು ನೆಟ್ಟಗೆ ಮಾಡಿದಳು. ಮೂರು ವಾರದ ಮೇಲೆ ಅವಳ ಬಾಯಿಂದ ಇಂಗ್ಲಿಷ್ ಬಂತು.

“ಓನ್ಲಿ ಎ ಸ್ಟಿಚ್. ಐ ಆ್ಯಮ್ ಎ ಲಿಟ್ಲ್ ವಿಂಡೆಡ್.”

ಓಡುವಾಗ ಪಕ್ಕೆ ಹಿಡಿದುಕೊಳ್ಳುತ್ತದಲ್ಲ, ಅದು ಸ್ಟಿಚ್. ಏದುಸಿರು ಬಂದರೆ ವಿಂಡೆಡ್. ತುಮಕೂರಿನ ಮೈದಾನದಲ್ಲಿ ಎಷ್ಟು ಹುಡುಗಿಯರಿಗೆ ಇವಳು ಅದೇ ಮಾತು ಹೇಳಿ, ಏನಿಲ್ಲ ನಡಿ ಎಂದು ಎಬ್ಬಿಸಿದ್ದಳೋ. ಆ ಹೆಂಗಸಿಗೆ ಸಮಾಧಾನವಾಯಿತು. ತನಗೂ ಆಗಾಗ ಹಾಗಾಗುತ್ತದೆ ಎಂದಳು, ಮುಂದಕ್ಕೆ ಬಾಗಿ ನಿಧಾನವಾಗಿ ಉಸಿರು ಬಿಡಲು ತೋರಿಸಿಕೊಟ್ಟಳು, ತನ್ನ ನೀರಿನ ಬಾಟಲಿಯನ್ನು ನಮಗೇ ಕೊಟ್ಟು ಓಡಿಹೋದಳು. ನಾನು ಅಜ್ಜಿಯ ಪಕ್ಕದಲ್ಲಿ ಕೂತು, ಮುಂದಿನ ಬಸ್ಸಿಗೆ ಎಷ್ಟು ಹೊತ್ತೆಂದು ನೋಡುತ್ತಿದ್ದೆ. ಎರಡನೆಯ ಬಸ್ಸೂ ಹೋಯಿತು. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ಆಗ ನೋಡಿದೆ. ಅಮ್ಮನಿಗೆ ಫೋನ್ ಮಾಡಿದೆ.

ಮೀಟಿಂಗಿನಲ್ಲಿದ್ದೇನೆ, ಬೇಗ ಹೇಳು ಎಂದಳು ಅಮ್ಮ. ಅಜ್ಜಿ ಬಸ್ಸು ಹತ್ತುತ್ತಿಲ್ಲ, ಪಕ್ಕೆ ಹಿಡಿದಿದೆಯಂತೆ ಎಂದೆ. ಯಾವ ಪಕ್ಕೆ, ಅವಳು ಏನಂದಳು, ಇಂಗ್ಲಿಷಿನಲ್ಲಿ ಬೇಡ, ಅವಳು ಹೇಳಿದ್ದನ್ನು ಹಾಗೇ ಹೇಳು ಎಂದು ಅಮ್ಮ ಒತ್ತಾಯ ಮಾಡಿದಳು. ನನಗೆ ಅರ್ಥ ಗೊತ್ತಿರಲಿಲ್ಲ. ಕಿವಿಯಲ್ಲಿ ಉಳಿದಿದ್ದ ಸದ್ದನ್ನು ಹಾಗೆಯೇ ಒಪ್ಪಿಸಿದೆ.

“ಸನ್‌ಕಟ. ಒಂತರಾ ಸನ್‌ಕಟ.”

ಆ ಕಡೆ ಕುರ್ಚಿ ಸರಿದ ಸದ್ದು. ಫೋನ್ ಇಟ್ಟು ಈಗಲೇ ಟ್ರಿಪಲ್ ಜೀರೋ ಒತ್ತು, ಆಂಬ್ಯುಲೆನ್ಸಿನವರಿಗೆ ಹಾರ್ಟ್ ಅನ್ನು, ನಾನು ಹೊರಟೆ ಎಂದಳು. ಅಮ್ಮನ ಇಂಗ್ಲಿಷಿನ ಇಸ್ತ್ರಿಯೆಲ್ಲ ಆ ಒಂದು ವಾಕ್ಯದಲ್ಲಿ ಮುದುಡಿಹೋಗಿತ್ತು.

ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಅದೇ ಸಂಜೆ ತೆರೆದು ಸ್ಟೆಂಟ್ ಹಾಕಿದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅಜ್ಜಿಗೆ ಎಚ್ಚರವಾದ ಮೇಲೆ ಅಮ್ಮ ನನ್ನನ್ನು ಬಿಟ್ಟು ಅವಳನ್ನೇ ಬೈದಳು. ಎದೆ ಹಿಡಿದುಕೊಂಡು ಕೂತಿರುವಾಗ ಪಕ್ಕೆ ನೋವು ಅನ್ನುತ್ತಾರೆಯೇ, ಹತ್ತಿರದಲ್ಲಿ ಮನುಷ್ಯರೇ ಇರಲಿಲ್ಲವೇ ಎಂದು ಅಳುತ್ತಲೇ ಬೈದಳು. ಬ್ರಿಸ್ಬೇನಿನಿಂದಲೂ ಅಡಿಲೇಡಿನಿಂದಲೂ ಫೋನು ಬಂತು. ಈ ಸಲ ಸರದಿಯ ಜಗಳ ಆಗಲಿಲ್ಲ. ಮೂವರೂ ತಪ್ಪು ತಮ್ಮದೇ ಎಂದು ಜಗಳವಾಡಿದರು. ಅದು ಇನ್ನೂ ಉದ್ದವಾಗಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಮಧ್ಯಾಹ್ನಗಳು ನಮ್ಮಿಬ್ಬರವು. ಕೆಳಗಿನ ಮಂಚದ ತುದಿಯಲ್ಲಿ ಕೂತು, ಸಂಕಟ ಅಂದರೆ ಎಲ್ಲಿ ಎಂದು ಕೇಳಿದೆ. ನಾನಾಗಿಯೇ ಕೇಳಿ ಕಲಿತ ಮೊದಲ ಕನ್ನಡ ಪದ ಅದು. ಅವಳು ಹೊಟ್ಟೆಯ ಮೇಲ್ಭಾಗದಿಂದ ಗಂಟಲಿನವರೆಗೆ ಕೈ ಎಳೆದಳು. ಒಳಗೆಲ್ಲ ಹಿಂಡಿದ ಹಾಗೆ, ವಾಂತಿ ಬರುವ ಹಾಗೆ, ಆದರೆ ಬಾರದ ಹಾಗೆ. ತಳಮಳ ಬೇರೆ, ಉರಿ ಬೇರೆ, ಸೆಳೆತ ಬೇರೆ. ಹೊಟ್ಟೆ ತೊಳೆಸುವುದಕ್ಕೂ ಹೊಟ್ಟೆ ಉಬ್ಬರಕ್ಕೂ ಏನು ವ್ಯತ್ಯಾಸ ಎಂದು ತಿಳಿಯದ ನನ್ನ ಮೇಲೆ ಅವಳು ರೇಗುವಳು, ಒಂದು ಮೈಗೆ ಇಷ್ಟೊಂದು ಪದ ಯಾಕೆಂದು ನಾನು ರೇಗುವೆನು. ತನ್ನ ಪುಸ್ತಕದಲ್ಲಿ ಇಲ್ಲದ ಇಂಗ್ಲಿಷ್ ಅವಳಿಗೂ ಈಗ ಬೇಕಾಗಿತ್ತು. ಜೋಮು ಹಿಡಿಯುವುದಕ್ಕೆ ‘ಪಿನ್ಸ್ ಅಂಡ್ ನೀಡಲ್ಸ್’ ಅನ್ನುತ್ತಾರೆ ಎಂದಾಗ, ಅದೇನು ದರ್ಜಿ ಅಂಗಡಿಯೇ ಎಂದಳು.

ಆರು ವಾರಕ್ಕೆ ಡಾಕ್ಟರರನ್ನು ನೋಡಬೇಕಿತ್ತು. ಅಪ್ಪ ರಜೆಯಲ್ಲಿದ್ದರು. ನಮ್ಮಿಬ್ಬರನ್ನು ಬಾಗಿಲಲ್ಲಿ ಇಳಿಸಿ, ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದವರು ಅರ್ಧ ಗಂಟೆಯಾದರೂ ಬರಲಿಲ್ಲ. ಒಳಗೆ ಅಜ್ಜಿ ಕನ್ನಡದಲ್ಲೇ ಮಾತಾಡಿದ್ದರಿಂದ ಡಾಕ್ಟರ್, ಮನೆಯವರು ಅನುವಾದ ಮಾಡುವುದು ಬೇಡ ಎಂದು ಹೇಳಿ, ಮೇಜಿನ ಮೇಲಿನ ಫೋನಿನಲ್ಲಿ ಕನ್ನಡ ದುಭಾಷಿಯೊಬ್ಬರನ್ನು ಕರೆದರು. ಗಂಡಸಿನ ದನಿ, ಸಣ್ಣ ವಯಸ್ಸು, ಯಾವ ಊರಿನಿಂದಲೋ. ಅಂದು ನಿಮಗೆ ಮೊದಲು ಏನಾಯಿತು ಎಂದು ಡಾಕ್ಟರ್ ಕೇಳಿದರು, ಆತ ಕನ್ನಡದಲ್ಲಿ ಕೇಳಿದ. ಅಜ್ಜಿ ಹೇಳಿದಳು, ಸಂಕಟ ಆಯ್ತಪ್ಪ ಎಂದು. ಆಕೆಗೆ ತುಂಬಾ ದುಃಖವಾಯಿತಂತೆ ಎಂದು ಆತ ಇಂಗ್ಲಿಷಿನಲ್ಲಿ ಹೇಳಿದ. ಡಾಕ್ಟರ್ ತಲೆಯಾಡಿಸಿ, ಯಾವ ವಿಷಯಕ್ಕೆ ದುಃಖ ಎಂದು ಕೇಳುತ್ತ ಬರೆದುಕೊಳ್ಳತೊಡಗಿದರು.

ದುಃಖ ಅಲ್ಲ, ಎಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ಡಾಕ್ಟರ್ ಪೆನ್ನು ನಿಲ್ಲಿಸಿದರು. ನಾನು ನನ್ನ ಎದೆಯ ಮೇಲೆಯೇ ಕೈಯಿಟ್ಟು, ಇಲ್ಲಿಂದ ಇಲ್ಲಿಯವರೆಗೆ ಹಿಂಡಿದ ಹಾಗೆ, ವಾಂತಿ ಬರುವ ಹಾಗೆ, ತಣ್ಣನೆಯ ಬೆವರು, ಮತ್ತೆ ಹೆದರಿಕೆ, ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಫೋನಿನ ದನಿ, ಹೌದು ಹೌದು, ಅದೂ ಆಗಬಹುದು ಎಂದಿತು. ಡಾಕ್ಟರ್ ಬರೆದಿದ್ದನ್ನು ಹೊಡೆದುಹಾಕಿ, ನಾನು ಹೇಳಿದ್ದನ್ನು ಬರೆದುಕೊಂಡರು.

ಹೊರಗೆ ಬಂದು ಅಪ್ಪನಿಗಾಗಿ ಕಾರಿಡಾರಿನ ಕುರ್ಚಿಗಳಲ್ಲಿ ಕಾದು ಕೂತೆವು. ಅವಳು ಎದುರಿನ ಗೋಡೆ ನೋಡುತ್ತಲೇ ಹೇಳಿದಳು:

“ಹೆದರಿಕೆ ಅಂತ ನಾನು ಹೇಳಿರ್ಲಿಲ್ಲ.”

ಅವಳು ಬೈಯುತ್ತಿದ್ದಾಳೋ ಏನೋ ತಿಳಿಯಲಿಲ್ಲ. ಉತ್ತರಕ್ಕೆ ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿಕೊಂಡೆ.

“ನೀನು ಹೆದರಿದ್ದೆ ಅಜ್ಜಿ. ನಾನೂ.”

ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. ನನ್ನ ಉಚ್ಚಾರ ತಿದ್ದುತ್ತಾಳೆ ಎಂದುಕೊಂಡೆ. ತಿದ್ದಲಿಲ್ಲ. ನನ್ನ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಹೂಂ ಮಗಾ, ಹೆದರಿದ್ದೆ, ಎಂದಳು.